ಆಷಾಢದ ಭಾನುವಾರಗಳನ್ನು ಮನೆಗೇ ಇಟ್ಟುಕೊಳ್ಳಿ

ಸಾಲಿಗ್ರಾಮ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಫೋಟೋ ಸ್ಟುಡಿಯೋ ಮಿತ್ರರಿಗೆ ಬಹಿರಂಗ ಪತ್ರ

ಬಂಧುಗಳೇ,

ಆಷಾಢ ಹತ್ತಿರ ಬಂತು. ಇನ್ನೊಂದು ತಿಂಗಳು ಧಾರೆಯಿಲ್ಲ, ಗೃಹಪ್ರವೇಶವಿಲ್ಲ, ಬೀಗರೂಟವಿಲ್ಲ. ಲಗ್ನದ ತಿಂಗಳುಗಳಲ್ಲಿ ಒಂದೇ ದಿನ ಎರಡೆರಡು ಛತ್ರ ಸುತ್ತಿದ ನಮ್ಮ ಕಾಲಿಗೂ ಕಣ್ಣಿಗೂ ವರ್ಷದಲ್ಲಿ ಸಿಗುವ ಬಿಡುವು ಇದೊಂದು, ಧನುರ್ಮಾಸ ಇನ್ನೊಂದು. ಬಾಕಿ ಉಳಿದ ಆಲ್ಬಂ ಮುಗಿಸುವುದು, ಬಾಕಿ ದುಡ್ಡಿಗೆ ಫೋನ್ ಮಾಡುವುದು, ಹೊಸ ಕ್ಯಾಮೆರಾದ ಕಂತಿಗೆ ದಾರಿ ಹುಡುಕುವುದು ಈ ತಿಂಗಳಲ್ಲೂ ಇದ್ದದ್ದೇ. ಅವನ್ನೆಲ್ಲ ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಭಾನುವಾರಗಳನ್ನು ಮಾತ್ರ. ಈ ಸಲದ ಆಷಾಢದ ಭಾನುವಾರಗಳಲ್ಲಿ ಕ್ಯಾಮೆರಾವನ್ನು ನಿಮ್ಮ ಮನೆಯವರ ಕಡೆಗೆ, ನಿಮ್ಮ ಹಿತ್ತಲ ಕಡೆಗೆ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾದ ನಮ್ಮದೇ ಸೀಮೆಯ ಕಡೆಗೆ ತಿರುಗಿಸಿ. ತೆಗೆದದ್ದರಲ್ಲಿ ಒಂದಿಷ್ಟನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ.

ಯಾಕೆ ಕೇಳುತ್ತಿದ್ದೇನೆಂದರೆ, ಸ್ಟುಡಿಯೋ ಇಟ್ಟ ಪ್ರತಿಯೊಬ್ಬರಿಗೂ ಒಂದು ಬಗೆಯ ಗಿರಾಕಿ ಗೊತ್ತು. ತಲೆ ಬೋಳಿಸಿಕೊಂಡ ಮಗನೊಬ್ಬ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಂತಿರುತ್ತಾನೆ. ಕೈಯಲ್ಲಿ ವೋಟರ್ ಐಡಿ. "ಅಣ್ಣ, ಅವ್ವಂದು ಇದೊಂದೇ ಫೋಟೋ ಇರೋದು. ಹನ್ನೊಂದನೇ ದಿನಕ್ಕೆ ಒಸಿ ದೊಡ್ಡದು ಮಾಡ್ಕೊಡಿ" ಅನ್ನುತ್ತಾನೆ. ಉಗುರಿನಷ್ಟಗಲದ ಆ ಮುಖವನ್ನು ನಾವು ದೊಡ್ಡದು ಮಾಡುತ್ತೇವೆ. ಹಿಂದಕ್ಕೆ ನೀಲಿ ಬಣ್ಣ ಕೊಡುತ್ತೇವೆ. ಕೆಲವೊಮ್ಮೆ ಯಾವುದೋ ಮದುವೆಯ ಗ್ರೂಪ್ ಫೋಟೋ ತರುತ್ತಾರೆ. ಅದರ ಮೂಲೆಯಲ್ಲಿ ನಿಂತ ಹೆಂಗಸನ್ನು ಕತ್ತರಿಸಿ ತೆಗೆದು, ಹೆಗಲ ಮೇಲಿದ್ದ ಪಕ್ಕದವರ ಕೈಯನ್ನು ಅಳಿಸಿ, ಆ ಜಾಗಕ್ಕೆ ಸೀರೆಯ ಸೆರಗು ತುಂಬುತ್ತೇವೆ. ಎಂಬತ್ತು ವರ್ಷ ಬದುಕಿ, ಗದ್ದೆ ನಾಟಿ ಮಾಡಿ, ಮಕ್ಕಳು ಮೊಮ್ಮಕ್ಕಳನ್ನು ಸಾಕಿದ ಜೀವದ ಗುರುತಾಗಿ ಗೋಡೆಗೆ ಹೋಗುವುದು ಅಷ್ಟೇ.

ಹೊರಗಿನವರ ಮನೆ ಹೀಗಾದರೆ ನಮ್ಮ ಮನೆಗಳು ಇನ್ನೂ ಬರಿದು. ನಮ್ಮ ಬಳಗದ ಹಿರಿಯರೊಬ್ಬರು ಹೋದಾಗ ನಾನು ಅವರ ಮನೆಯಲ್ಲಿದ್ದೆ. ಸುತ್ತಮುತ್ತಲಿನ ಹಳ್ಳಿಗಳ ಎಷ್ಟು ಮದುವೆಗಳು ಅವರ ಕೈಯಲ್ಲಿ ಆಲ್ಬಂ ಆಗಿದ್ದವು! ಫ್ಲೆಕ್ಸ್ ಮಾಡಿಸಲು ಒಂದು ಫೋಟೋ ಬೇಕೆಂದು ಮಕ್ಕಳು ಬೀರು, ಟ್ರಂಕು, ಹಾರ್ಡ್ ಡಿಸ್ಕ್ ಎಲ್ಲ ಹುಡುಕಿದರು. ಸಿಕ್ಕಿದ್ದು ಬೇರೊಬ್ಬ ಫೋಟೋಗ್ರಾಫರ್ ತೆಗೆದ ಚಿತ್ರದಲ್ಲಿ ಅರ್ಧ ಬೆನ್ನು, ಹೆಗಲಲ್ಲಿ ಬ್ಯಾಗು. ಕೊನೆಗೆ ಅವರಿಗೂ ವೋಟರ್ ಐಡಿಯ ಮುಖವೇ ಗತಿಯಾಯಿತು. ಅವರು ಹೆಂಡತಿಯ ಪಕ್ಕ ಕೂತ ಒಂದು ಚಿತ್ರವೂ ಆ ಮನೆಯಲ್ಲಿ ಇರಲಿಲ್ಲ. ಆ ತಾಯಿ ಅದನ್ನು ಹೇಳಿದ ರೀತಿ ನನ್ನ ಎದೆಯಲ್ಲಿ ಹಾಗೇ ಕೂತಿದೆ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ಮನೆಯವರನ್ನು ತೆಗೆಯಿರಿ ಎಂದರೆ ನಿಮ್ಮಲ್ಲಿ ಹಲವರ ಉತ್ತರ ನನಗೆ ಗೊತ್ತು: "ಅವರು ನಿಲ್ಲೋದೇ ಇಲ್ಲ." ನಿಜ. ಮನೆಯಲ್ಲಿ ಕ್ಯಾಮೆರಾ ಎತ್ತಿದರೆ ಹೆಂಡತಿ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ, ಅವ್ವ "ನಂದೇನು ತೆಗೀತೀಯೋ, ಮುದುಕೀದು" ಅನ್ನುತ್ತಾಳೆ, ಮಕ್ಕಳು ಫೋನಿಗೆ ತೋರಿಸುವ ಮುಖವನ್ನೇ ನಮಗೂ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಈ ಗಂಟು ಬಿಡಿಸಿದ್ದು ಬಾತುಕೋಳಿಗಳು.

ಬಾತು ಸಾಕುವುದು ನನ್ನಾಕೆಯ ಆಸೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಕೇಂದ್ರವಿದೆ. ಅಲ್ಲಿ ಬೆಳೆಸುವ ಎರಡು ತಳಿ, ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ಬಿಳಿ ಪೆಕಿನ್. ನಮ್ಮ ಹಿತ್ತಲಿಗೆ ಎರಡೂ ಬಂದವು. ಖಾಕಿ ಕ್ಯಾಂಪ್‌ಬೆಲ್‌ನ ಹಿನ್ನೆಲೆ ತಿಳಿದ ಮೇಲೆ ಅದರ ಮೇಲೆ ನನಗೆ ಅಕ್ಕರೆ ಹೆಚ್ಚಾಯಿತು. ಅದು ಯಾವ ದೊಡ್ಡ ಕಂಪನಿಯ ತಳಿಯಲ್ಲ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಣ್ಣುಮಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮನೆಯ ಹತ್ತಿರವೇ ತಳಿ ಕೂಡಿಸಿ ಬೆಳೆಸಿದ್ದು. ಬಣ್ಣ ಸಿಪಾಯಿಗಳ ಸಮವಸ್ತ್ರದ ಖಾಕಿ, ಅದಕ್ಕೇ ಆ ಹೆಸರು.

ಬಾತುಗಳ ಜೊತೆ ಇರುವವರಿಗೆ ಕ್ಯಾಮೆರಾದ ನೆನಪೇ ಇರುವುದಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು ಅವ್ವನ ಕೆಲಸ. ಬಾತು ಮೊಟ್ಟೆ ಇಡುವುದು ನಸುಕಿನಲ್ಲಿ. ಬೇಗ ಬಿಟ್ಟರೆ ಬೇಲಿ ಸಂದಿ, ಬಾಳೆಬುಡ, ಎಲ್ಲೆಂದರಲ್ಲಿ ಇಟ್ಟುಬಿಡುತ್ತವೆ. ಹಾಗಾಗಿ ಬಿಸಿಲು ಏರುವವರೆಗೆ ಅವುಗಳನ್ನು ಒಳಗೇ ಇಟ್ಟು, ಆಮೇಲೆ ಅವ್ವ ಬಗ್ಗಿ ಮಂಡಿಯೂರಿ ಹುಲ್ಲಿನೊಳಗೆ ಕೈ ಹಾಕಿ ಒಂದೊಂದೇ ಮೊಟ್ಟೆ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಆಗ ಅವಳ ಮುಖ ನೋಡಬೇಕು. ಮೂಲವ್ಯಾಧಿಗೆ ಒಳ್ಳೆಯದೆಂದು ಬಾತುಮೊಟ್ಟೆ ಕೇಳಿಕೊಂಡು ಬರುವ ಊರಿನವರ ಜೊತೆ ಅವಳ ಮಾತುಕತೆಯೂ ಅಲ್ಲೇ. ನಾನು ಬಾತುಗಳನ್ನು ತೆಗೆಯುತ್ತಿದ್ದೇನೆ ಎಂದುಕೊಂಡು ಅವಳು ತನ್ನ ಪಾಡಿಗೆ ತಾನಿರುತ್ತಾಳೆ. ನನಗೆ ಬೇಕಾದ ಅವ್ವ ಸಿಗುತ್ತಾಳೆ.

ಇನ್ನೊಂದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಖಾಕಿ ಬಾತು ಮೊಟ್ಟೆ ಇಡುವುದರಲ್ಲಿ ಮುಂದು, ಕಾವು ಕೂರುವುದರಲ್ಲಿ ಹಿಂದು. ಅದಕ್ಕೆ ನಮ್ಮ ಕಡೆ ಬಾತುಮೊಟ್ಟೆಯನ್ನು ನಾಟಿಕೋಳಿಯ ಕಾವಿಗೆ ಇಡುತ್ತಾರೆ. ಕೋಳಿಮರಿ 21 ದಿನಕ್ಕೆ ಒಡೆದು ಬಂದರೆ ಬಾತುಮರಿಗೆ 28 ದಿನ ಬೇಕು. ಆ ಹೆಚ್ಚಿನ ವಾರವನ್ನೂ ನಮ್ಮ ಕೆಂಪು ಹ್ಯಾಟೆ ಕೂತು ಕಳೆಯಿತು. ಮರಿಗಳು ಹೊರಬಂದು ಕೆಲವು ದಿನಕ್ಕೆ ಹಿತ್ತಲ ಕಲ್ಲುಬಾನಿಯ ನೀರು ಕಂಡವು, ಸೀದಾ ಇಳಿದವು. ಕೋಳಿ ಬಾನಿಯ ಅಂಚು ಹಿಡಿದು ರೆಕ್ಕೆ ಬಿಚ್ಚಿಕೊಂಡು ಸುತ್ತಿದ್ದೇ ಸುತ್ತಿದ್ದು. ಕುತ್ತಿಗೆ ಚಾಚುತ್ತದೆ, ನೀರಿಗೆ ಕಾಲಿಡಲು ಹೋಗುತ್ತದೆ, ಹಿಂದೆ ಸರಿಯುತ್ತದೆ, ಗಂಟಲು ಹರಿಯುವಂತೆ ಕರೆಯುತ್ತದೆ. ನನ್ನ ಮಗಳು ಬಾನಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಕೋಳಿಗೆ ಸಮಾಧಾನ ಹೇಳುತ್ತಿದ್ದಳು: "ಏನೂ ಆಗಲ್ಲ ಕಣೇ, ಅವಕ್ಕೆ ಬರುತ್ತೆ." ಆ ಚಿತ್ರದಲ್ಲಿ ಕೋಳಿಯ ಕಣ್ಣು ಸ್ಪಷ್ಟವಾಗಿದೆ, ಮಗಳ ಬಾಯಿ ಅರ್ಧ ತೆರೆದಿದೆ, ನೀರಿನ ಮೇಲೆ ಮರಿಗಳು ಸ್ವಲ್ಪ ಅಲುಗಿವೆ. ನಾನು ಇದುವರೆಗೆ ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಂಬಿದ್ದೇನೆ.

ಮರಿಗಳು ಆಮೇಲೆ ಮಗಳ ಹಿಂದೆಯೂ ಸಾಲು ಹಿಡಿದು ನಡೆದವು. ಮೊಟ್ಟೆಯಿಂದ ಬಂದ ಹೊಸದರಲ್ಲಿ ಕಣ್ಣಮುಂದೆ ಓಡಾಡುವವರನ್ನೇ ತಾಯಿ ಎಂದು ಹಿಡಿಯುವ ಈ ಗುಣವನ್ನು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ ಹೆಬ್ಬಾತುಗಳಲ್ಲಿ ಅಭ್ಯಾಸ ಮಾಡಿದರು. 1973ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಅವರ ಹಿಂದೆ ಹೆಬ್ಬಾತಿನ ಮರಿಗಳು ನಡೆಯುತ್ತಿರುವ ಫೋಟೋಗಳನ್ನು ನೀವು ಪಠ್ಯಪುಸ್ತಕಗಳಲ್ಲಿ ನೋಡಿರಬಹುದು. ಅವರು ಪ್ರಾಣಿ ಪಕ್ಷಿಗಳನ್ನು ಮನೆಯಲ್ಲೇ, ಮನೆಯವರ ಜೊತೆಯಲ್ಲೇ ಇಟ್ಟುಕೊಂಡು ಕಲಿತವರು.

ಕಸುಬಿನ ದೃಷ್ಟಿಯಿಂದಲೂ ಬಾತು ಒಳ್ಳೆಯ ಗುರು. ಬಿಳಿ ಪೆಕಿನ್ ಫ್ರೇಮ್ ತುಂಬ ಬಂದರೆ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಅದೇ ಬಾತು ಕಪ್ಪು ನೀರಿನ ನಡುವೆ ಚಿಕ್ಕದಾಗಿ ಕಂಡರೆ ಬಿಳಿಯೆಲ್ಲ ಸುಟ್ಟು ಪುಕ್ಕದ ಗೆರೆ ಮಾಯ. ಮಟಮಟ ಮಧ್ಯಾಹ್ನ ಛತ್ರದ ಹೊರಗೆ ಬಿಳಿ ಪಂಚೆ, ಬಿಳಿ ಶರ್ಟಿನ ಮದುಮಗ ನಿಂತಾಗ ನಮ್ಮನ್ನು ಕಾಡುವುದು ಇದೇ ಕಷ್ಟ. ಮದುಮಗನ ಮುಂದೆ ಕಲಿಯಲು ಸಮಯವಿರುವುದಿಲ್ಲ, ಬಾತಿನ ಮುಂದೆ ಇರುತ್ತದೆ. ನೆಲಕ್ಕೆ ಎದೆಯೊತ್ತಿ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸಿ ನೋಡಿ. ಗಂಡಿನ ಬಾಲದ ಮೇಲೆ ಸುರುಳಿಯಾದ ಪುಕ್ಕ ಕಾಣುತ್ತದೆ. ಗದ್ದಲವೆಲ್ಲ ಹೆಣ್ಣಿನದು, ಗಂಡಿನ ದನಿ ಒಡಕು. ಸಾಲಾಗಿ ಮಲಗಿದಾಗ ತುದಿಯಲ್ಲಿರುವ ಬಾತು ಹೊರಗಡೆಯ ಒಂದು ಕಣ್ಣನ್ನು ತೆರೆದೇ ನಿದ್ದೆ ಮಾಡುತ್ತದೆ. ಸಾಕುವವರಿಗೆ ಎಚ್ಚರಿಕೆ: ಬೂಷ್ಟು ಹಿಡಿದ ಕಡಲೆಹಿಂಡಿ, ಮುಸುಕಿನ ಜೋಳ ಕೊಡಬೇಡಿ, ಬೂಷ್ಟಿನ ವಿಷ ಕೋಳಿಗಿಂತ ಬಾತಿಗೆ ಬೇಗ ಹತ್ತುತ್ತದೆ. ತಲೆ ಮುಳುಗಿಸಿ ಕಣ್ಣು ಮೂಗು ತೊಳೆದುಕೊಳ್ಳುವಷ್ಟು ಆಳದ ನೀರಿರಲಿ, ಕೆರೆಯೇ ಬೇಕೆಂದಿಲ್ಲ.

ಬಾತು ಎಲ್ಲರೂ ಸಾಕಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಹಸು ಇರಬಹುದು, ರೇಷ್ಮೆಹುಳು ಇರಬಹುದು, ಮಲ್ಲಿಗೆ ಬಳ್ಳಿ ಇರಬಹುದು. ಮನೆಯವರು ಮೈಮರೆತು ತೊಡಗುವ ಕೆಲಸ ಯಾವುದೋ ಅದರ ಪಕ್ಕ ಕೂರಿ.

ಮನೆಯಿಂದಾಚೆಗೆ ಹೋಗುವ ಮಾತಿಗೆ ಬರುತ್ತೇನೆ. ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರಿನ ಉದ್ದ ಲೆನ್ಸ್‌ಗಳೆಲ್ಲ ಕಬಿನಿಯ ಕರಿಚಿರತೆಗೆ ಕಾಯುತ್ತವೆ. ಅದನ್ನು ನೋಡಿ ನಮ್ಮ ಹುಡುಗರೂ ಸಾಲ ಮಾಡಿ ಲೆನ್ಸ್ ಕೊಂಡು ಸಫಾರಿ ಜೀಪು ಹತ್ತುತ್ತಿದ್ದಾರೆ. ಕಾಡು ನೋಡುವ ಆಸೆಗೆ ನನ್ನ ವಿರೋಧವಿಲ್ಲ. ಆದರೆ ಅದೇ ಜೀಪಿನಿಂದ ಅದೇ ಚಿರತೆಯ ಅದೇ ಚಿತ್ರವನ್ನು ಸಾವಿರ ಜನ ತೆಗೆದಿದ್ದಾರೆ. ಎಚ್.ಡಿ. ಕೋಟೆಯ ಸೀಮೆ ನಮಗೆ ಇನ್ನೊಂದು ಪಾಠ ಇಟ್ಟಿದೆ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿಗೆ ಅಣೆಕಟ್ಟು ಬಂತು, ಖೆಡ್ಡಾ ನಡೆಯುತ್ತಿದ್ದ ಜಾಗ ಹಿನ್ನೀರಿನಡಿ ಹೋಯಿತು. ಆ ದಡ, ಆ ನೀರಿಗಿಳಿದ ಆನೆಗಳ ಹಿಂಡು, ಅದನ್ನು ಸುತ್ತುವರಿದ ಮಾವುತರು, ಕುರುಬರು ಇಂದು ಉಳಿದಿರುವುದು ಯಾರೋ ತೆಗೆದಿಟ್ಟ ಫೋಟೋಗಳಲ್ಲಿ. ಇಂದು ನಮ್ಮ ಕಣ್ಣಮುಂದಿರುವುದರಲ್ಲಿ ಯಾವುದು ನಾಳೆ ನೀರಿನಡಿ ಹೋಗುತ್ತದೋ, ಯಾವುದು ಲೇಔಟ್ ಆಗುತ್ತದೋ ಯಾರು ಬಲ್ಲರು?

ಆಷಾಢದಲ್ಲಿ ನಮ್ಮ ಸೀಮೆಯಲ್ಲಿ ತೆಗೆಯಲು ಏನಿದೆ ಎನ್ನುವವರಿಗೆ ಹೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣದ ಗೆಳೆಯರೇ, ಹೊಗೆಸೊಪ್ಪು ಮುರಿಯಲು ಶುರುವಾಗುವುದೇ ಈ ಹೊತ್ತಿಗೆ. ಸೊಪ್ಪನ್ನು ಕಡ್ಡಿಗೆ ಪೋಣಿಸಿ, ಹದ ಮಾಡುವ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ನಡುರಾತ್ರಿ ಒಲೆಯ ಬಾಯಿಗೆ ಸೌದೆ ನೂಕುವ ನಿಮ್ಮದೇ ಅಣ್ಣನ ಮುಖದ ಮೇಲಿನ ಬೆಳಕನ್ನು ಯಾವ ಎಲ್‌ಇಡಿ ಲೈಟ್ ಕೊಟ್ಟೀತು? ಬೈಲಕುಪ್ಪೆಯ ಚಿನ್ನದ ಗುಡಿಯ ಮುಂದೆ ಸೆಲ್ಫಿಗೆ ಜನ ತುಂಬಿರುತ್ತಾರೆ. ಟಿಬೆಟಿನಿಂದ ಬಂದು 1960ರ ದಶಕದ ಮೊದಲಲ್ಲಿ ಅಲ್ಲಿ ಕಾಡು ಕಡಿದು ನೆಲೆಯಾದವರಲ್ಲಿ ಈಗ ತೀರ ಮುಪ್ಪಾದವರು ಉಳಿದಿದ್ದಾರೆ. ನಿಮ್ಮ ಸ್ಟುಡಿಯೋಗೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬರುವ ಅವರನ್ನು ಇನ್ನೈದು ನಿಮಿಷ ಕೂರಿಸಿಕೊಂಡು, ಒಪ್ಪಿದರೆ, ಒಂದು ಒಳ್ಳೆಯ ಭಾವಚಿತ್ರ ತೆಗೆಯಿರಿ.

ನಮ್ಮ ಕಡೆ ಚುಂಚನಕಟ್ಟೆ ಇದೆ. ಮುಂಗಾರು ಹಿಡಿದರೆ ಕಾವೇರಿ ಎರಡು ಸೀಳಾಗಿ ಸುಮಾರು 20 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಮೇಲೆ ಕೋದಂಡರಾಮನ ಗುಡಿ. ಹೊರಗೆ ಕಿವಿಗಡಚಿಕ್ಕುವ ಆ ಸದ್ದು ಗರ್ಭಗುಡಿಯಲ್ಲಿ ಕೇಳುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಆಷಾಢ ಕಳೆದ ಮೇಲೂ ತೆಗೆಯಲು ಇದೆ: ಸಂಕ್ರಾಂತಿಯ ಆಸುಪಾಸು ಅಲ್ಲಿ ದನಗಳ ಜಾತ್ರೆ ಸೇರುತ್ತದೆ. ಶಿವರಾತ್ರಿಗೆ ಕಪ್ಪಡಿಯಲ್ಲಿ ರಾಚಪ್ಪಾಜಿಯ ಜಾತ್ರೆ, ಹೊಳೆದಂಡೆಯಲ್ಲಿ ನೀಲಗಾರರ ತಂಬೂರಿ. ಸಾಲಿಗ್ರಾಮದಲ್ಲೇ ರಾಮಾನುಜರ ಶ್ರೀಪಾದ ತೀರ್ಥದ ಕೊಳವಿದೆ. ಜಲಪಾತ, ಗುಡಿಗಳನ್ನು ತೆಗೆದವರು ಬೇಕಾದಷ್ಟಿದ್ದಾರೆ. ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋದ ನಿಮ್ಮ ಮನೆಯವರು, ನೀರಿನ ಹನಿಗೆ ಒದ್ದೆಯಾದ ಮಕ್ಕಳ ತಲೆ, ಕಲ್ಲಿನ ಮೇಲೆ ಕೂತು ಚಿತ್ರಾನ್ನ ಹಂಚುವ ಹೆಂಡತಿಯ ಕೈ, ಇವುಗಳನ್ನು ತೆಗೆಯಬಲ್ಲವರು ನೀವೊಬ್ಬರೇ. ಒಂದೇ ಲೆನ್ಸ್ ಸಾಕು. ಮಕ್ಕಳ ಕೈಗೂ ಕ್ಯಾಮೆರಾ ಕೊಡಿ, ನೀವೂ ಚಿತ್ರದೊಳಗೆ ಬನ್ನಿ.

ಚಳಿಗಾಲಕ್ಕೆ ಈಗಲೇ ಒಂದು ಮಾತು. ಭತ್ತದ ಕಟಾವು ಮುಗಿದ ನಾಲೆ ಬಯಲಿಗೆ ಆಂಧ್ರ, ತಮಿಳುನಾಡಿನ ಕಡೆಯಿಂದ ಬಾತು ಮೇಯಿಸುವವರು ಬರುತ್ತಾರೆ. ಉದುರಿದ ಕಾಳು, ಬಸವನಹುಳು, ಹುಳುಹುಪ್ಪಟೆ ತಿನ್ನಿಸುತ್ತ ಗದ್ದೆಯಿಂದ ಗದ್ದೆಗೆ ಸಾಗುತ್ತಾರೆ. ರಾತ್ರಿ ಬಲೆ ಸುತ್ತಿ ಹಿಂಡು ಕೂಡುತ್ತಾರೆ, ಪಕ್ಕದಲ್ಲೇ ಟಾರ್ಪಾಲಿನ ಕೆಳಗೆ ಮಲಗುತ್ತಾರೆ, ನಸುಕಿಗೆ ಎದ್ದು ಮೊಟ್ಟೆ ಆರಿಸುತ್ತಾರೆ. ಅವರನ್ನು ರಸ್ತೆಯಿಂದ ಡ್ರೋನ್ ಹಾರಿಸಿ ತೆಗೆಯಬೇಡಿ. ಹಿಂಡು ಬೆದರಿ ಒಂದರ ಮೇಲೊಂದು ಬಿದ್ದರೆ ನಷ್ಟ ಅವರದು. ಹತ್ತಿರ ಹೋಗಿ ಮಾತಾಡಿಸಿ, ಕೇಳಿ ತೆಗೆಯಿರಿ, ಮರುದಿನ ಪ್ರಿಂಟ್ ಕೊಟ್ಟು ಬನ್ನಿ. ಅದೇ ದಿನಗಳಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳೂ ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಅಲ್ಲಿಗೆ ಹೋಗಿ ಬಂದವರು ಮನೆಯ ಕೋಳಿ, ಬಾತುಗಳ ಬಳಿ ಹೋಗುವ ಮುನ್ನ ಚಪ್ಪಲಿ, ಕೈಕಾಲು ತೊಳೆದುಕೊಳ್ಳಿ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯವೇ ಬಾಗಿಲು ಹಾಕಬೇಕಾಯಿತು. ಕಾಡುಹಕ್ಕಿಗೂ ಸಾಕುಹಕ್ಕಿಗೂ ನಡುವೆ ರೋಗ ಹೊತ್ತೊಯ್ಯುವವರು ನಾವಾಗಬಾರದು.

ಇದೆಲ್ಲ ಚಿಕ್ಕ ವಿಷಯ, ಇದರಿಂದ ಹೆಸರು ಬರುವುದಿಲ್ಲ ಎನ್ನುವ ಹುಡುಗರಿಗೆ ಟಿ.ಎಸ್. ಸತ್ಯನ್ ಅವರನ್ನು ನೆನಪಿಸುತ್ತೇನೆ. ನಮ್ಮ ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದವರು. ಡೆಕ್ಕನ್ ಹೆರಾಲ್ಡ್‌ನ ಮೊದಲ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿ, ಮುಂದೆ ದೇಶವಿದೇಶದ ಪತ್ರಿಕೆಗಳಿಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಚಿತ್ರ ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಏನಿತ್ತು ಆ ಚಿತ್ರಗಳಲ್ಲಿ? ಮಕ್ಕಳು. ನಮ್ಮ ಬೀದಿಯಲ್ಲಿ, ಜಗಲಿಯಲ್ಲಿ, ಶಾಲೆಯಂಗಳದಲ್ಲಿ ಸಿಗುವಂಥ ಮಕ್ಕಳು. ಜಗತ್ತೆಲ್ಲ ಸುತ್ತಿ ಕೊನೆಗೆ ಮೈಸೂರಿಗೇ ಮರಳಿ 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಕಣ್ಣು ಸಾಮಾನ್ಯರನ್ನು ಬಿಟ್ಟು ಆಚೆ ಹೋಗಲಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನೂ ನೋಡಿ. ರೋಲಿಗೆ 36 ಫ್ರೇಮ್ ಇದ್ದ ಕಾಲದಲ್ಲಿ ತಮ್ಮ ತೋಟದ ಸುತ್ತಮುತ್ತಲೇ ಕಾದು ಕೂತು ಹಕ್ಕಿಗಳನ್ನು ತೆಗೆದರು. ಇಬ್ಬರೂ ತಮ್ಮ ಸುತ್ತ ಇದ್ದುದನ್ನು ಅಕ್ಕರೆಯಿಂದ ನೋಡಿದರು, ಬಿಡದೆ ನೋಡಿದರು.

ಪ್ರಿಂಟ್ ಹಾಕಿಸಿ ಎಂದದ್ದನ್ನು ಮರೆಯಬೇಡಿ. ಹಳೆಯ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಮಾರಿದ ಕಾಲವನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಈಗ ಹಾರ್ಡ್ ಡಿಸ್ಕ್ ಕೆಟ್ಟರೆ ಒಂದು ತಲೆಮಾರಿನ ಮುಖಗಳೇ ಹೋಗುತ್ತವೆ. ನಿಮ್ಮ ಅಟ್ಟದ ಮೇಲೆ ನೆಗೆಟಿವ್ ಡಬ್ಬಿಗಳು ಇನ್ನೂ ಇದ್ದರೆ, ತೇವ ಬಡಿಯದಂತೆ ಇಡಿ, ಊರಿನ ಹೆಸರು ಬರೆದಿಡಿ. ಹೊಸ ಚಿತ್ರಗಳ ಹಿಂದೆ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಗುರುತು ಹಾಕಿ.

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಫ್ರಾನ್ಸ್ ದೇಶ ಡಾಗೆರೆಯ ಫೋಟೋ ವಿಧಾನವನ್ನು ಲೋಕದ ಮುಂದಿಟ್ಟ ದಿನವದು. ಪ್ರತಿ ವರ್ಷ ಹಾರ, ಶಾಲು, ಭಾಷಣದಲ್ಲಿ ಕಳೆಯುತ್ತೇವೆ. ಈ ಸಲ ಸಂಜೆ ನಾಲ್ಕಕ್ಕೆ ಸಾಲಿಗ್ರಾಮದ ನಮ್ಮ ಹಿತ್ತಲಿಗೆ ಬನ್ನಿ. ಒಬ್ಬೊಬ್ಬರು ಆಷಾಢದಲ್ಲಿ ತೆಗೆದ ಒಂದು ಪ್ರಿಂಟ್ ತನ್ನಿ. ಮದುವೆಯದು ಬೇಡ, ಸಫಾರಿಯದು ಬೇಡ, ಮನೆಯದೋ ಊರಿನದೋ ಇರಲಿ. ತೆಂಗಿನ ಮರದಿಂದ ಮರಕ್ಕೆ ದಾರ ಕಟ್ಟಿ ನೇತುಹಾಕೋಣ. ಹೆಂಡತಿ ಮಕ್ಕಳು, ಅಪ್ಪ ಅವ್ವಂದಿರನ್ನು ಕರೆದುಕೊಂಡೇ ಬನ್ನಿ, ಗಂಡಂದಿರನ್ನೂ ಬಿಟ್ಟು ಬರಬೇಡಿ, ಏಕೆಂದರೆ ನಮ್ಮ ಬಳಗದಲ್ಲಿ ಈಗ ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳೂ ಇದ್ದಾರೆ. ಬಂದ ಪ್ರತಿ ಮನೆಯವರನ್ನೂ ಒಟ್ಟಿಗೆ ಕೂರಿಸಿ ಒಂದು ಫೋಟೋ ತೆಗೆಯುತ್ತೇನೆ, ಸ್ಟುಡಿಯೋ ಪಕ್ಕದಲ್ಲೇ ಇರುವುದರಿಂದ ಹೊರಡುವ ಮೊದಲು ಪ್ರಿಂಟ್ ನಿಮ್ಮ ಕೈಯಲ್ಲಿರುತ್ತದೆ. ರಾತ್ರಿಗೆ ಮುದ್ದೆ, ಬಾತುಮೊಟ್ಟೆ ಸಾರು. ಮೊಟ್ಟೆ ತಿನ್ನದವರಿಗೆ ಉಪ್ಸಾರು ಬೇರೆ ಇರುತ್ತದೆ. ಎಷ್ಟು ಜನ ಎಂದು ಎರಡು ದಿನ ಮುಂಚೆ ತಿಳಿಸಿ, ಅವ್ವ ರಾಗಿ ಬೀಸಿಸಬೇಕು.

ಇತಿ ನಿಮ್ಮವನೇ ಆದ,
ಸಾಲಿಗ್ರಾಮದ ಒಬ್ಬ ಸ್ಟುಡಿಯೋದವನು